ಅತ್ತೆಯ ಎರಡೂವರೆ ಎಕರೆ ಆಕಾಶ

ನಮ್ಮ ಅತ್ತೆಗೆ ಎರಡೂವರೆ ಎಕರೆ ಆಕಾಶವಿದೆ. ನಗಬೇಡಿ! ನೆಲ ಇರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ, ಆಕಾಶ ಇರುವವರನ್ನು ನೋಡಿದ್ದೀರಾ? ದೊಡ್ಡಗಾಜನೂರಿನ ಆಚೆ, ಕಾಡಂಚಿನ ಆನೆಕಂದಕಕ್ಕೆ ಎರಡು ಹೊಲ ಈಚೆ, ಅವಳಿಗೆ ಅಪ್ಪನಿಂದ ಬಂದ ಎರಡೂವರೆ ಎಕರೆ ಜಮೀನಿದೆ. ಅದರ ನಾಲ್ಕು ಮೂಲೆಯ ಕಲ್ಲುಗಳಿಂದ ನಾಲ್ಕು ಗೆರೆಗಳನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಒಳಗೆ ಸಿಗುವ ಗಾಳಿ, ಮೋಡ, ಹದ್ದು, ಹುಣ್ಣಿಮೆಯ ದಿನ ಒಂದರ್ಧ ಗಂಟೆ ಚಂದ್ರ, ಎಲ್ಲವೂ ಅವಳದೇ. ಮೇಲೆ ಎಲ್ಲಿಯತನಕ ಅತ್ತೆ ಎಂದು ಒಮ್ಮೆ ಕೇಳಿದ್ದೆ. "ಕಣ್ಣು ಓಗೋಗಂಟ" ಎಂದಳು. ಸರ್ವೆ ಮಾಡುವವರೂ ಇಷ್ಟು ಖಚಿತವಾಗಿ ಹೇಳಲಾರರು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅರವತ್ತು ದಾಟಿದೆ. ಗಂಡ ಬಹಳ ಹಿಂದೆಯೇ ತೀರಿಕೊಂಡರು, ಮಕ್ಕಳಿಲ್ಲ. ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದೇ ಬದು. ಬೇರೆ ರೈತರು ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ ಮೊದಲು ನೆಲ ನೋಡಿದರೆ, ಇವಳು ಹಗ್ಗದ ಮಂಚವನ್ನು ಬಯಲಿಗೆ ಎಳೆದು, ಅಂಗಾತ ಮಲಗಿ, ಮೇಲೆ ನೋಡುತ್ತಾಳೆ. ಮೋಡಗಳ ಗುಣ ಅವಳಿಗೆ ಬೀಗರ ಗುಣದಷ್ಟೇ ಚೆನ್ನಾಗಿ ಗೊತ್ತು. ತಾಳಮಲೆ ಕಡೆಯಿಂದ ಬರುವ ಮೋಡ ನೆಂಟರ ಹಾಗೆ ಸುಮ್ಮನೆ ಬಂದು, ನೋಡಿ, ಮಾತಾಡಿಸಿಕೊಂಡು ಹೋಗುತ್ತದಂತೆ. ಹಾಸನೂರು ಕಡೆಯದು ಮಾತ್ರ ಕೆಲಸಕ್ಕೆ ಬರುತ್ತದಂತೆ. ಮಾರ್ಗಶಿರದ ಬೆಳಗುಗಳಲ್ಲಿ ಮಂಜು ಬದುವಿನ ಮೇಲೆ ಮೊಣಕಾಲೆತ್ತರ ಮಲಗಿರುವಾಗ, ಅವಳ ಮಂಚ ನಾಲ್ಕು ಕಾಲೂ ಕಾಣದೆ ಗಾಳಿಯಲ್ಲಿ ನಿಂತಂತೆ ಇರುತ್ತದೆ. ಅದರ ಮೇಲೆ ಅತ್ತೆ, ಕಣ್ಣು ತೆರೆದುಕೊಂಡು. ದಾರಿಯಲ್ಲಿ ಹೋಗುವ ಹೊಸಬರು ಗಾಬರಿಯಾಗಿ ನಿಂತಿದ್ದೂ ಉಂಟು.

ಹಾಗಾದರೆ ಹೊಲದ ಕೆಲಸ ಮಾಡುವವರು ಯಾರು? ರಾಚಿ. ಮೂವತ್ತು ವರ್ಷದಿಂದ ಅತ್ತೆಯ ಹೊಲದಲ್ಲಿ ಕೂಲಿ. ಕೂಲಿಯಲ್ಲಿ ಅತ್ತೆಗೆ ಬೈಯುವುದೂ ಸೇರಿದೆ.

"ಅವ್ವಾರೆ, ಕಳೆ ಬೆಳ್ದು ನನ್ ಮೊಣಕಾಲ್ಗಂಟ ಬಂದದೆ. ನೀವು ಮ್ಯಾಲಿನ ಕಳೆ ಕೀಳ್ತಾ ಮನಗಿದ್ದೀರಾ?"

"ಸುಮ್ನಿರು ರಾಚಿ. ಒಂದು ಮೋಡ ಅರ್ಧ ದಾರೀಲಿ ನಿಂತ್ಬುಟ್ಟದೆ. ಓಯ್ತದೋ ಬತ್ತದೋ ನೋಡಾನ."

"ಬಂದ್ರೆ ನೀವೇ ನೆನೀರಿ, ನಾನು ಗುಡ್ಲೊಳಕ್ಕೆ ಓಯ್ತೀನಿ."

ಮೋಡ ಬಂದರೆ ಇಬ್ಬರೂ ನೆನೆಯುತ್ತಾರೆ, ಗುಡಿಸಲಿಗೆ ಹೋಗುವುದನ್ನು ನಾನಂತೂ ನೋಡಿಲ್ಲ.

ಇಂಥ ಆಕಾಶಕ್ಕೆ ಮೊದಲ ಒತ್ತುವರಿ ಮಾಡಿದವನು ನಾನು! ತಾಳವಾಡಿ ಪೇಟೆಯಲ್ಲಿ ನನ್ನದೊಂದು ಪುಟ್ಟ ಫೋಟೋ ಸ್ಟುಡಿಯೋ ಇದೆ. ಈಗಿನ ಮದುವೆಯವರಿಗೆ ತಾಳಿ ಕಟ್ಟುವುದು ಕಾಣದಿದ್ದರೂ ಚಿಂತೆಯಿಲ್ಲ, ಚಪ್ಪರದ ನೆತ್ತಿ ಮೇಲಿಂದ ಕಾಣಬೇಕು. ಹಾಗಾಗಿ ಮೂರು ವರ್ಷದ ಹಿಂದೆ ಒಂದು ಡ್ರೋನ್ ತಂದೆ. ಮೊದಲ ಸಲ ಹಾರಿಸಲು ನಮ್ಮ ಹೊಲವೇ ಸರಿ ಎನ್ನಿಸಿ, ಬೆಳಿಗ್ಗೆ ಮಂಜು ಏಳುವ ಹೊತ್ತಿಗೆ ಮೇಲೆ ಬಿಟ್ಟೆ. ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಊರು ಕಾಣಿಸಿತು. ರಾಗಿ ಹೊಲಗಳು, ಅವುಗಳ ನಡುವೆ ಹಾದಿ, ಹಾದಿಯ ಕೊನೆಗೆ ಕಾಡು, ಕಾಡಿನಾಚೆ ಒಂದರ ಹಿಂದೊಂದು ನೀಲಿ ಬೆಟ್ಟ, ಎಲ್ಲದರ ಮೇಲೂ ಮಂಜು ತೆಳ್ಳಗೆ ಹರಿದಾಡುತ್ತಿತ್ತು. ಹುಟ್ಟಿದಾಗಿನಿಂದ ತುಳಿದ ಊರು ಇಷ್ಟು ಚೆಂದವೇ! ಸುಳ್ಳೇಕೆ, ಕಣ್ಣಲ್ಲಿ ನೀರು ಬಂತು. ಆ ನೀರಿನ ನಡುವೆಯೇ ಪರದೆಯ ಮೂಲೆಯಲ್ಲಿ ಒಂದು ಮಂಚ ಕಂಡಿತು, ಮಂಚದ ಮೇಲೆ ಒಂದು ಮುಷ್ಟಿ ಎದ್ದಿತು. ನಾನು ಡ್ರೋನ್ ಇಳಿಸುವಷ್ಟರಲ್ಲಿ ಅತ್ತೆ ಬದು ಹಾರಿ ಬಂದಾಗಿತ್ತು.

"ಯಾರ್ನ ಕೇಳ್ಕಂಡು ನನ್ ಒಲಕ್ಕೆ ಬಂದ್ಯಲಾ?"

"ನಾನೆಲ್ ಬಂದೆ ಅತ್ತೆ? ಇಲ್ಲೇ ನಿಂತಿದ್ದೀನಲ್ಲ."

"ನಿನ್ ಕಣ್ಣು ಬಂದಿತ್ತಲ್ಲ! ಕಣ್ಣು ಬಂದ್ಮ್ಯಾಲೆ ಕಾಲು ಬಂದ್ರೇನು ಬುಟ್ರೇನು?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಡ್ರೋನನ್ನು ಚೀಲಕ್ಕೆ ಹಾಕಿಕೊಂಡೆ.

ಮುಂದಿನ ಸೋಮವಾರವೇ ಅತ್ತೆ ತಾಲ್ಲೂಕು ಆಫೀಸಿಗೆ ಹೊರಟಳು. ನಮ್ಮದು ಕನ್ನಡ ಮಾತಾಡುವ ಊರು, ಸರ್ಕಾರ ಮಾತ್ರ ತಮಿಳಿನದು. ನಮ್ಮ ಕಡೆ ಅರ್ಜಿಗೆ ಮನು ಎನ್ನುತ್ತೇವೆ, ಅದನ್ನು ತಮಿಳಿನಲ್ಲಿ ಬರೆಯಬೇಕು. ಅತ್ತೆಗೆ ತಮಿಳು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಬರೆಯುವವನು ಮನೆಯಲ್ಲಿ ಒಬ್ಬನೇ. ಹೌದು, ನಾನೇ! ನನ್ನ ಮೇಲಿನ ದೂರನ್ನು ನಾನೇ, ನನ್ನದೇ ಪೆನ್ನಿನಲ್ಲಿ, ಪುಟ ತುಂಬ ಬರೆದೆ. ಎಲ್ಲಾದರೂ ಮೆತ್ತಗೆ ಮಾಡಿದ್ದೇನೋ ಎಂದು ಕನ್ನಡದಲ್ಲಿ ಓದಿಸಿ ಕೇಳಿದಳು. "ತೊಂದರೆ ಕೊಡುತ್ತಾನೆ" ಎಂದು ಬರೆದಿದ್ದ ಕಡೆ "ಬಹಳ" ಎಂದು ಸೇರಿಸಲು ಹೇಳಿದಳು.

ಅಲ್ಲಿದ್ದ ಅಧಿಕಾರಿ ಪಾಪ, ತಾಳ್ಮೆಯ ಮನುಷ್ಯ. ಎರಡು ಸಲ ಓದಿ, "ಅಮ್ಮಾ, ಪಟ್ಟಾ ನೆಲಕ್ಕೆ ಕೊಡೋದು. ಆಕಾಶಕ್ಕೆ ಪಟ್ಟಾ ಮುಡಿಯಾದು, ಆಗಲ್ಲ" ಎಂದರು.

"ಅಂಗಾರೆ ಆಕಾಶ ಯಾರ್ದು?"

"ಸರ್ಕಾರದ್ದು."

"ಸರಿ ಬುಡಿ. ಓದ್ ವರ್ಸ ಆಲಿಕಲ್ಲು ಬಿದ್ದು ನನ್ ಟೊಮೆಟೊ ಎಲ್ಲಾ ಜಜ್ಜೋಯ್ತು. ಕಲ್ಲು ನಿಮ್ ಜಾಗದಿಂದ ಬಿದ್ದದ್ದು. ಅದುಕ್ಕೇನ್ ಮಾಡೀರಿ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮನುವಿನ ಮೇಲೆ ಬಂದಿದೆ ಎಂಬ ಮೊಹರು ಒತ್ತಿದರು. ಆ ಮೊಹರೇ ಪಟ್ಟಾ ಎಂಬಂತೆ ಅತ್ತೆ ಅದರ ಪ್ರತಿಯನ್ನು ದೇವರ ಗೂಡಿನಲ್ಲಿ ಇಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಾರದೆ ಕಾನೂನು ವಿವರಿಸಲು ಹೋದೆ.

"ಅತ್ತೆ, ಇದು ಬೇಕಾಬಿಟ್ಟಿ ಆರಾಡೋ ವಸ್ತು ಅಲ್ಲ ಕಣತ್ತೆ. ಇದುಕ್ಕೂ ನಂಬರ್ ಅದೆ, ನಂಗೂ ಕಾಗ್ದ ಪತ್ರ ಅವೆ. ಇಷ್ಟೇ ಎತ್ತರ ಓಗ್ಬೇಕು ಅಂತ ಅದೆ. ಎಲ್ಲಿ ಆರಿಸ್ಕೂಡ್ದು ಅಂತ ಮ್ಯಾಪಲ್ಲಿ ಕೆಂಪು ಬಳ್ದವ್ರೆ."

"ನಂಬರ್ ಎಲ್ಲದೆ?"

"ಒಟ್ಟೆ ಅಡೀಲಿ ಅಂಟಿಸಿದ್ದೀನಿ."

"ಕೆಳಗ್ ನಿಂತೋರಿಗೆ ಕಂಡದಾ?"

"ಅಷ್ಟೆತ್ತರ ಇರ್ವಾಗ ಎಂಗ್ ಕಂಡದು? ಬಿದ್ರೆ ಓದ್ಬೋದು."

"ಅಂದ್ರೆ ನಿನ್ ಕಾನೂನು ಕಣ್ ಬುಡೋದು ಅದು ನನ್ ತಲೆ ಮ್ಯಾಲೆ ಬಿದ್ದ ಮ್ಯಾಲೆ ಅನ್ನು!"

ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಬಿಡಲಿಲ್ಲ. "ಕೆಟ್ಟೋರ್ ಕೈಗೆ ಸಿಕ್ಬಾರ್ದು ಅಂತಾನೇ ಇಷ್ಟೆಲ್ಲಾ ಮಾಡವ್ರೆ" ಎಂದೆ.

"ಕೆಟ್ಟೋನು ಬಂದು ನಂಬರ್ ಬರ್ಸ್ಕತ್ತಾನಾ?"

"ಬರ್ಸ್ಕಳ್ದಿದ್ರೆ ಇಡೀತಾರೆ."

"ನಂಬರೇ ಇಲ್ವಲ್ಲಾ, ಎಂಗ್ ಇಡೀತಾರೆ?"

"ಈಗಿನವುಗ್ಳಲ್ಲಿ ಒಳಗೇ ಬೀಗ ಇರ್ತದೆ ಅತ್ತೆ. ಕೆಂಪು ಜಾಗ ಬಂದ್ರೆ ತಾನೇ ನಿಂತ್ಕಬುಡ್ತದೆ."

"ಬೀಗ ಮಾಡ್ದೋನು ಬೀಗದ ಕೈ ಮಾಡ್ನಿಲ್ವಾ?"

ಮಾಡಿದ್ದರು. ಬೀಗ ತೆಗೆದುಕೊಡುವವರೂ ಇದ್ದಾರೆಂದು ನನಗೆ ಗೊತ್ತಿತ್ತು. ಹೇಳಿದರೆ ಇನ್ನೊಂದು ಮನು ಬರೆಯಬೇಕಾಗುತ್ತದೆಂದು ಕಿಟಕಿಯಾಚೆ ನೋಡಿದೆ. ಅತ್ತೆ ತನ್ನದೇ ಒಂದು ಕಾನೂನು ಹೇಳಿದಳು. ಇಡೀ ದೇಶಕ್ಕೆ ಒಂದೇ ಸಾಲು.

"ಆರ್ಸೋನು ಅದ್ರ ಅಡೀಲೇ ನಡೀಬೇಕು. ಅದು ಎಲ್ಲೋಯ್ತದೋ ಇವ್ನೂ ಅಲ್ಲೇ. ಮುಳ್ಳಿದ್ರೆ ಮುಳ್ಳು, ಗುಂಡಿ ಇದ್ರೆ ಗುಂಡಿ."

"ಅಡೀಲೇ ನಡಿಯಂಗಿದ್ರೆ ಡ್ರೋನ್ ಯಾಕತ್ತೆ?"

"ಅದುನ್ನೇ ಕಣ್ಲಾ ನಾನೂ ಕೇಳ್ತಿರಾದು!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ಇಳಿಯುವ ಮೊದಲೇ ಊರಿಗೆ ಸುದ್ದಿ ಹೋಗಿತ್ತು.

ಸರ್ಕಾರದ ಉತ್ತರಕ್ಕೆ ಕಾಯುತ್ತ ಕೂರುವ ಹೆಂಗಸಲ್ಲ ಅವಳು. ಒಂದು ವಾರದಲ್ಲಿ ಹೊಲದ ನಡುವೆ ಒಂದು ಬೆದರುಬೊಂಬೆ ಎದ್ದಿತು. ಎದ್ದಿತು ಅನ್ನುವುದೂ ತಪ್ಪೇ. ಲೋಕದ ಬೆದರುಬೊಂಬೆಗಳೆಲ್ಲ ನಿಂತಿರುತ್ತವೆ, ಇದು ಮಲಗಿತ್ತು! ನಾಲ್ಕು ಗೂಟದ ಮೇಲೆ ಅಟ್ಟಣೆ, ಅಟ್ಟಣೆಯ ಮೇಲೆ ಅಂಗಾತ ಬಿದ್ದ ಹುಲ್ಲಿನ ಮನುಷ್ಯ, ಎರಡೂ ಕೈ ಅಗಲಿಸಿ, ಇದ್ದಿಲಿನ ಮೀಸೆ ಬಿಟ್ಟುಕೊಂಡು, ಆಕಾಶಕ್ಕೆ ನಾಲಿಗೆ ಚಾಚಿ. ಮೈಮೇಲೆ ನನ್ನ ಹಳೆಯ ಗೀರುಗೀರು ಅಂಗಿ. ಹಕ್ಕಿಗಳು ಅದರ ಹೊಟ್ಟೆಯ ಮೇಲೆ ಕೂತು ರಾಗಿ ತಿನ್ನುತ್ತಿದ್ದವು. ಇರಲಿ, ಅದು ಹಕ್ಕಿಗಳಿಗಾಗಿ ಮಾಡಿದ್ದಲ್ಲವಲ್ಲ.

ಅದರ ಫಲ ನನಗೆ ತಟ್ಟಿತು. ಕಳೆದ ಸುಗ್ಗಿಯಲ್ಲಿ ಒಂದು ಮದುವೆಯವರು ಹುಡುಗ ಹುಡುಗಿ ಮಂಜಿನಲ್ಲಿ ನಡೆದು ಬರುವ ಹಾಗೆ ಮೇಲಿಂದ ತೆಗೆಯಬೇಕೆಂದರು. ನಮ್ಮ ಹೊಲದಲ್ಲೇ ತೆಗೆದೆ. ಎಷ್ಟು ಚೆನ್ನಾಗಿ ಬಂತು ಎನ್ನುತ್ತೀರಿ! ಅವರ ಮನೆಯ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಮಂಜು ಮೆಲ್ಲಗೆ ಸರಿಯಿತು, ಜೋಡಿ ಕೈ ಹಿಡಿದು ಬಂತು, ಕ್ಯಾಮೆರಾ ಹಾಗೇ ತೇಲುತ್ತ ಬದು ದಾಟಿತು. ಹುಡುಗಿಯ ಅಜ್ಜಿ ಚೀರಿದರು. "ಅಯ್ಯೋ ಶಿವ್ನೆ, ಅಲ್ಯಾರೋ ಸತ್ ಬಿದ್ದವ್ರೆ!" ಬೊಂಬೆ ಎಂದು ನಾನು ಆಣೆ ಮಾಡಿದೆ. ಅಜ್ಜಿ ಅಂಗಿಯನ್ನು ದಿಟ್ಟಿಸಿ, ನನ್ನನ್ನು ದಿಟ್ಟಿಸಿ, "ನಿನ್ ತಮ್ಮನಾ ಮಗಾ?" ಎಂದು ಕನಿಕರದಿಂದ ಕೇಳಿದರು. ಎರಡು ದಿನ ಯೋಚಿಸಿ ಹೇಳುತ್ತೇವೆ ಎಂದು ಕಳಿಸಿದರು.

ಈಗ ಆನೆಗಳ ವಿಷಯ ಹೇಳಬೇಕು. ಕಾಡಂಚಿನಲ್ಲಿ ಬದುಕುವ ನಮಗೆ ಆನೆ ಬರುವುದು ಹೊಸದಲ್ಲ. ಕಂದಕ ದಾಟಿ ಬರುತ್ತವೆ, ತಿನ್ನುತ್ತವೆ, ಅಟ್ಟಿದರೆ ಹೋಗುತ್ತವೆ. ಅಟ್ಟುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಯಾರೂ ಬರೆದದ್ದಲ್ಲ, ಯಾರೂ ಮೊಹರು ಒತ್ತಿದ್ದಲ್ಲ. ನಿಮ್ಮ ಹೊಲದ ಆನೆಯನ್ನು ಪಕ್ಕದ ಹೊಲದ ಕಡೆಗೆ ಅಟ್ಟುವ ಮೊದಲು "ಬತ್ತಾವೆ, ನಿಮ್ ಕಡೀಕೆ ಬತ್ತಾವೆ!" ಎಂದು ಕೂಗಬೇಕು. ಆ ಕಡೆಯಿಂದ "ಆ, ಬುಡು!" ಎಂದು ಉತ್ತರ ಬರುವತನಕ, ನಿಮ್ಮ ಬೆಳೆ ಪೂರ್ತಿ ಹೋದರೂ, ಅಟ್ಟಬಾರದು. ಉತ್ತರ ಕೊಟ್ಟವನು ಮಕ್ಕಳು ಮರಿ ಒಳಗೆ ಕಳಿಸಿ, ತನ್ನ ಆಚೆಯವನಿಗೆ ಕೂಗಬೇಕು. ಇದಕ್ಕೆ ಕೂಗು ದಾಟಿಸುವುದು ಎನ್ನುತ್ತೇವೆ. ಹೀಗೆ ಕೂಗು ಮುಂದೆ, ಆನೆ ಹಿಂದೆ, ಹೊಲದಿಂದ ಹೊಲಕ್ಕೆ ಹೋಗಿ ಕೊನೆಗೆ ಎರಡೂ ಕಾಡು ಸೇರುತ್ತವೆ.

ಈ ಕಟ್ಟಳೆಯನ್ನು ಮುರಿದವರಿಲ್ಲ. ನಮ್ಮೂರಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಬದುವಿನ ಜಗಳಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಆದರೆ ಆನೆ ಬಂದರೆ ಅಣ್ಣ ಕೂಗುತ್ತಿದ್ದ, ತಮ್ಮ ಉತ್ತರ ಕೊಡುತ್ತಿದ್ದ. ಒಂದು ಸಲ ತಮ್ಮನ ದನಿ ಕಟ್ಟಿದ್ದು ಕೇಳಿ ಅಣ್ಣ ಆನೆಯನ್ನು ಅಲ್ಲೇ ಬಿಟ್ಟು, "ಏನ್ಲಾ, ಕೆಮ್ಮಾ?" ಎಂದು ಕೂಗಿದನಂತೆ. "ಊಂ ಕಣಣ್ಣ" ಎಂದು ಉತ್ತರ ಬಂತಂತೆ. ಜಗಳ ಅಲ್ಲಿಗೆ ಮುಗಿಯಿತು. ಅಷ್ಟು ಹೊತ್ತಿಗೆ ಆನೆಗಳು ಇಬ್ಬರ ಜೋಳವನ್ನೂ ಮುಗಿಸಿದ್ದವು.

ನನ್ನ ಡ್ರೋನ್ ಇದರ ನಡುವೆ ಬಂತು. ಅದರ ರೆಕ್ಕೆಗಳ ಗುಂಯ್ ಸದ್ದು ಕೇಳಿದರೆ ಆನೆಗಳು ಜೇನು ಎದ್ದಿದೆ ಎಂದುಕೊಂಡು ಓಡುತ್ತವೆ ಎಂದು ಯಾರೋ ಹೇಳಿದರು. ನಿಜವೇ! ತಮಟೆಗೆ, ಪಟಾಕಿಗೆ ಕದಲದ ಆನೆ ಅಂಗೈಯಗಲದ ಯಂತ್ರಕ್ಕೆ ಬಾಲ ಎತ್ತಿ ಓಡಿತು. ಊರವರು ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಚಹಾ ಕೊಡಿಸಿದರು. ಕಾಡಿನ ಇಲಾಖೆಯವರು ಮಾತ್ರ ಅನುಮತಿ ಇಲ್ಲದೆ ಯಾರೂ ಇಲ್ಲಿ ಹಾರಿಸುವ ಹಾಗಿಲ್ಲ, ಇದು ಹುಲಿಕಾಡಿನ ಅಂಚು ಎಂದು ಎಚ್ಚರಿಸಿದ್ದರು. ನಾನು ಅನುಮತಿ ಕೇಳಿ ಮನು ಕೊಟ್ಟಿದ್ದೆ. ಮನು ಕೊಟ್ಟರೆ ಅರ್ಧ ಅನುಮತಿ ಸಿಕ್ಕ ಹಾಗೆ ಎಂದುಕೊಳ್ಳುವ ಗಿರಾಕಿ ನಾನು. ಬಾಕಿ ಅರ್ಧ ಬರುವ ಮೊದಲೇ, ಹೊಲದವರು ಕೂಗು ದಾಟಿಸಿದ ಮೇಲೆ, ನಾಲ್ಕಾರು ಸಲ ಹಾರಿಸಿಯೂ ಆಗಿತ್ತು.

ಅದೇ ಸುಗ್ಗಿಯ ಒಂದು ದಿನ. ಮಧ್ಯಾಹ್ನ ಆ ಮದುವೆಯವರ ಫೋನ್ ಬಂತು. ಅಪಶಕುನ ಆಯಿತು, ಬೇರೆಯವರನ್ನು ಗೊತ್ತು ಮಾಡಿದ್ದೇವೆ ಎಂದರು. ನಾನು ಅತ್ತೆಯ ಮೇಲೆ ಹಲ್ಲು ಕಡಿಯುತ್ತ ಹೊಲದ ಮನೆಗೆ ಬಂದೆ. ಹೊತ್ತು ಮುಳುಗುವ ಸಮಯ. ಅಮ್ಮ ಓಡಿ ಬಂದು ಮೂರು ಆನೆ ಜೋಳಕ್ಕೆ ಇಳಿದಿವೆ ಎಂದಳು. ನಾನು ತಾರಸಿ ಹತ್ತಿದೆ, ಚಹಾ ಲೋಟ ಪಕ್ಕದಲ್ಲಿಟ್ಟುಕೊಂಡೆ, ಡ್ರೋನ್ ಬಿಟ್ಟೆ.

ಎರಡು ದಾರಿ ಇತ್ತು. ಬಂದ ದಾರಿಯಲ್ಲೇ ಕಾಡಿಗೆ ಅಟ್ಟಬಹುದಿತ್ತು, ಆದರೆ ನಮ್ಮ ಜೋಳ ಇನ್ನಷ್ಟು ತುಳಿತಕ್ಕೆ ಸಿಗುತ್ತಿತ್ತು. ಇನ್ನೊಂದು, ಬದು ದಾಟಿಸಿ ಅತ್ತೆಯ ಹೊಲಕ್ಕೆ. ಅವಳೂ ರಾಚಿಯೂ ದನ ತಿರುಗುವ ಹೊತ್ತಿಗೇ ಮನೆಗೆ ಹೋಗಿರುತ್ತಾರೆ. ಹೋಗಲಿ ಅವಳ ರಾಗಿ ಸ್ವಲ್ಪ, ಆ ಬೊಂಬೆಯೇ ಬೇಕಾದರೆ ಓಡಿಸಲಿ! ಸುಳ್ಳೇಕೆ ಹೇಳಲಿ, ಆ ಬೆರಳಲ್ಲಿ ಒಂದು ಚೂರು ಸೇಡಿತ್ತು. ಒತ್ತಿದೆ. ಕೂಗಲಿಲ್ಲ. ತಾರಸಿಯ ಮೇಲೆ ಕೂತವನಿಗೆ ಕೂಗಬೇಕು ಎಂಬುದೇ ಹೊಳೆಯಲಿಲ್ಲ.

ಪರದೆಯಲ್ಲಿ ಎಲ್ಲವೂ ಕನಸಿನ ಹಾಗಿತ್ತು. ಬೂದುಬಣ್ಣದ ಮಂಜು, ಅದರೊಳಗೆ ಮೂರು ಆನೆಗಳು ಒಂದರ ಹಿಂದೊಂದು ತೇಲಿ ಹೋಗುತ್ತಿದ್ದವು. ಸದ್ದಿಲ್ಲ, ತೂಕವಿಲ್ಲ. ಎಷ್ಟು ಚೆಂದ ಎಂದುಕೊಂಡೆ. ಆಮೇಲೆ ಪರದೆಯ ಮೂಲೆಯಲ್ಲಿ ಮಂಚ ಕಂಡಿತು. ಮಂಚದ ಮೇಲೆ ಬಿಳಿಯದೇನೋ ಇತ್ತು. ಪಕ್ಕದಲ್ಲಿ ಇನ್ನೊಂದು ಆಕಾರ ನಿಂತು ಕೈ ಆಡಿಸುತ್ತಿತ್ತು, ಬೈಯುವವರ ಹಾಗೆ.

ಎದ್ದು ನಿಂತು ಕಿರುಚಿದೆ. ದನಿ ಅಂಗಳವನ್ನೂ ದಾಟಲಿಲ್ಲ. ಡ್ರೋನನ್ನು ಹಾಗೇ ಬಿಟ್ಟು, ಮೆಟ್ಟಿಲಿಂದ ಬಿದ್ದು, ಎದ್ದು, ಜೋಳದ ನಡುವೆ ಓಡಿದೆ. ಆ ನಾಲ್ಕು ನಿಮಿಷ ನನ್ನ ಜೀವನದಲ್ಲಿ ಇನ್ನೂ ಮುಗಿದಿಲ್ಲ.

ಆನೆಗಳು ದಾಟಿ ಹೋಗಿದ್ದವು. ಮಂಚ ಪುಡಿಯಾಗಿತ್ತು. ಗೊಬ್ಬರದ ಗುಂಡಿಯಿಂದ ದನಿ ಕೇಳಿತು. ರಾಚಿ ಅತ್ತೆಯನ್ನು ಮಂಚದಿಂದ ಎಳೆದು ಗುಂಡಿಗೆ ನೂಕಿ, ತಾನೂ ಬಿದ್ದಿದ್ದಳು. ಬಿದ್ದ ರಭಸಕ್ಕೆ ಅವಳ ಎಡಗೈ ಮುರಿದು ತಿರುಗಿತ್ತು. ಅತ್ತೆ ತಲೆಯಿಂದ ಕಾಲತನಕ ಸಗಣಿಯಾಗಿ, ರಾಚಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಾಸನೂರಿನ ಮೋಡವೊಂದು ಬರುತ್ತದೆಂದು ಅವಳು ಮನೆಗೆ ಹೋಗದೆ ಉಳಿದಿದ್ದಳಂತೆ, ಬನ್ನಿ ಎಂದು ಕರೆಯಲು ರಾಚಿ ಉಳಿದಿದ್ದಳಂತೆ. ನನ್ನನ್ನು ನೋಡಿದ್ದೇ ಅತ್ತೆ ಕೇಳಿದಳು. "ಕೂಗು ಬರ್ನಿಲ್ಲ ಕಣ್ಲಾ. ಯಾರೂ ಕೂಗ್ನಿಲ್ಲ. ಕೂಗದೆ ಯಾರ್ಲಾ ಅಟ್ಟಾರು?"

ನನ್ನ ಮೇಲೆ ಅನುಮಾನವೇ ಇರಲಿಲ್ಲ ಅವಳಿಗೆ. ನಾನು ರಾಚಿಯನ್ನು ಹೊತ್ತುಕೊಂಡು ಗಾಡಿಗೆ ನಡೆದೆ.

ಟಿವಿಯಲ್ಲಿ ಒಮ್ಮೊಮ್ಮೆ ದೊಡ್ಡವರು ಕೂತು, ಡ್ರೋನ್ ಕೆಟ್ಟವರ ಕೈಗೆ ಸಿಗದ ಹಾಗೆ ಯಾವ ಕಾನೂನು ಮಾಡಬೇಕು ಎಂದು ಚರ್ಚಿಸುತ್ತಾರೆ. ಮಾಡಲಿ, ಬೇಕು. ಆದರೆ ಕೆಟ್ಟವನು ಎಲ್ಲೋ ದೂರದಿಂದ, ಮುಖ ಮುಚ್ಚಿಕೊಂಡು ಬರುತ್ತಾನೆ ಎಂದು ಅವರೆಲ್ಲ ಅಂದುಕೊಂಡ ಹಾಗಿದೆ. ನನ್ನನ್ನು ನೋಡಿ ಸ್ವಾಮಿ! ನಂಬರ್ ಇತ್ತು, ಕಾಗದಪತ್ರ ಇತ್ತು, ಎಲ್ಲಕ್ಕೂ ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೆ. ಐದೂವರೆಗೆ ನಾನು ಒಳ್ಳೆಯವನೇ ಇದ್ದೆ. ಆರಕ್ಕೆ ಕೆಟ್ಟವನಾದೆ. ಆರೂಕಾಲಿಗೆ ಎದೆ ಬಡಿದುಕೊಂಡು ಓಡುತ್ತಿದ್ದೆ. ನಡುವಿನ ಆ ಹೊತ್ತಿಗೆ ಯಾವ ಬೀಗ ಮಾಡುತ್ತಾರೋ ನನಗೆ ಗೊತ್ತಿಲ್ಲ.

ರಾಚಿಯ ಕೈ ಮೂರು ತಿಂಗಳಿಗೆ ಕೂಡಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅಲ್ಲಿಯತನಕ ಅವಳ ಪಾಲಿನ ಕಳೆ ಕಿತ್ತವನು, ರಾಗಿ ಕೊಯ್ದವನು ನಾನು. ಅವಳು ಬದುವಿನ ಮೇಲೆ ಕೂತು "ಅದು ಕಳೆ ಅಲ್ಲ ಸ್ವಾಮಿ, ಅವರೆ ಗಿಡ" ಎಂದು ಹೇಳಿಕೊಡುತ್ತಿದ್ದಳು. ಆದರೆ ನಾನು ಹೇಳಬೇಕಿರುವುದು ಆನೆ ದಾಟಿದ ಮೂರನೆಯ ದಿನದ ಮಾತು.

ಆ ದಿನ ಕಾಡಿನ ಇಲಾಖೆಯ ಅಧಿಕಾರಿಯೊಬ್ಬರು ಅತ್ತೆಯ ಜಗಲಿಗೆ ಬಂದರು. ರಾಗಿ ಹೊಲದಲ್ಲಿ ಬಿದ್ದಿದ್ದ ಡ್ರೋನ್ ಅವರ ಕೈಯಲ್ಲಿತ್ತು. ಹೊಟ್ಟೆಯ ಕೆಳಗೆ ನಂಬರೂ ಇತ್ತು. ಅದು ಯಾರದೆಂದು ಮೇಲಿನಿಂದ ತಿಳಿದುಬರಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ದೂರು ಬರೆದುಕೊಳ್ಳುತ್ತೇನೆ ಎಂದು ಕಾಗದ ತೆಗೆದರು. ರಾಚಿ ಕೈಗೆ ಕಟ್ಟು ಹಾಕಿಸಿಕೊಂಡು ಗೋಡೆಗೆ ಒರಗಿದ್ದಳು. ನಾನು ಕಂಬದ ಹತ್ತಿರ ನಿಂತಿದ್ದೆ.

"ಯಾರ ಮೇಲಮ್ಮಾ ಅನುಮಾನ?"

"ಒರಗ್ನೋರು ಯಾರೋ ಸ್ವಾಮಿ" ಎಂದಳು ಅತ್ತೆ. "ನಮ್ ಅಳ್ಳಿಯೋರು ಕೂಗದೆ ಅಟ್ಟಲ್ಲ."

"ನಿಮ್ಮ ಈ ಹುಡುಗನ ಹತ್ತಿರವೂ ಇಂಥದ್ದೇ ಇದೆಯಂತಲ್ಲ?"

"ಅದೆ. ಆದ್ರೆ ಇವ್ನಲ್ಲ. ಇವುನ್ ಮ್ಯಾಲೆ ನಾನು ಎಷ್ಟ್ ಮನು ಕೊಟ್ಟಿವ್ನಿ, ನಂಗ್ಗೊತ್ತಿಲ್ವಾ ಇವ್ನು ಎಂತೋನು ಅಂತ? ಇವ್ನು ಅಂತೋನಲ್ಲ."

ಅದನ್ನು ಕೇಳಿಸಿಕೊಂಡು ನಿಂತಿರಲು ನನ್ನಿಂದ ಆಗಲಿಲ್ಲ. "ನಾನೇ ಅತ್ತೆ" ಎಂದೆ. "ನಾನೇ ಆರ್ಸಿದ್ದು. ಕೂಗ್ನಿಲ್ಲ. ನಿನ್ ಒಲ ಅಂತ ಗೊತ್ತಿದ್ದೇ ಅಟ್ದೆ. ನಿನ್ ಮ್ಯಾಲೆ ಸಿಟ್ಟಿತ್ತು."

ರಾಚಿ "ನೀವಾ?" ಎಂದಳು, ಅಷ್ಟೇ. ಯಾವಾಗಲೂ ಮೇಲೆ ನೋಡುವ ಅತ್ತೆ ಆಗ ನೆಲ ನೋಡುತ್ತ ಕೂತಳು. ಅವಳು ಎದ್ದು ನನ್ನ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಸುಖವಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, "ಮನೆಯ ವಿಷಯ, ಬೇಕಾದರೆ ನೀವೇ ಯೋಚನೆ ಮಾಡಿ..." ಎಂದು ಶುರು ಮಾಡಿದರು.

"ಮನೆ ವಿಸ್ಯ ಅಲ್ಲ ಸ್ವಾಮಿ. ಬರ್ಕಳಿ" ಎಂದಳು ಅತ್ತೆ. "ಮೊದ್ಲು ರಾಚಿದು. ಕೈ ಅವಳ್ದು."

ರಾಚಿ ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಕೂಗ್ನಿಲ್ಲ ಅನ್ನಾದ ಮಾತ್ರ ಬುಡ್ದೆ ಬರೀರಿ" ಎಂದು ಬಲಗೈ ಹೆಬ್ಬೆರಳು ಒತ್ತಿದಳು. ಆಮೇಲೆ ಅತ್ತೆಯ ಸರದಿ. ಹೆಸರು, ಊರು, ಹೊಲದ ನಂಬರ್ ಎಲ್ಲ ಆಯಿತು. ನನ್ನ ಹೆಸರು ತಪ್ಪಾಗಿ ಬರೆದಾರೆಂದು ಅವಳೇ ಎರಡು ಸಲ ಬಿಡಿಸಿ ಹೇಳಿದಳು. ಅಧಿಕಾರಿ ಮುಂದಿನ ಸಾಲಿಗೆ ಬಂದು ಕೇಳಿದರು.

"ಈತ ನಿಮಗೇನಾಗಬೇಕು?"

ತಮ್ಮನ ಮಗ ಎನ್ನುತ್ತಾಳೆಂದು ನಾನು ಕಾದೆ. ಏನೂ ಆಗಬೇಕಿಲ್ಲ ಎಂದರೂ ಸರಿಯೇ ಎಂದುಕೊಂಡಿದ್ದೆ.

"ಮಗ" ಎಂದಳು.

ಅಧಿಕಾರಿ ಪಕ್ಕದಲ್ಲಿದ್ದ ಅವಳ ರೇಷನ್ ಕಾರ್ಡನ್ನು ತಿರುವಿ ನೋಡಿದರು. "ಅಮ್ಮಾ, ಇದರಲ್ಲಿ ನಿಮ್ಮ ಹೆಸರೊಂದೇ ಇದೆಯಲ್ಲ, ಮಗನದು ಇಲ್ಲ?"

"ಇಷ್ಟು ದಿನ ಯಾರೂ ಕೇಳಿರ್ನಿಲ್ಲ. ಈಗ ನೀವು ಕೇಳುದ್ರಿ, ಯೋಳ್ದೆ. ತಪ್ಪು ಮಾಡವ್ನೆ ಅಂತ್ಲೂ ಬರ್ಕಳಿ, ಮಗ ಅಂತ್ಲೂ ಬರ್ಕಳಿ. ಎರಡ್ರಲ್ಲಿ ಒಂದೂ ಬುಡ್ಬೇಡಿ."

ಅವರು ಎರಡನ್ನೂ ಬರೆದುಕೊಂಡರು. ನಾನು ಮೂವತ್ತನಾಲ್ಕು ವರ್ಷದ ಗಂಡಸು, ಅವಳ ಕಾಲ ಬುಡದಲ್ಲಿ ಕೂತು, ಎಲ್ಲರ ಎದುರಿಗೆ ಅತ್ತುಬಿಟ್ಟೆ.